ಸಂಜೆ ಏಳರ ಪಾಠ

ಮಕ್ಕಳು ಹೊಸದೇನನ್ನಾದರೂ ಓದುತ್ತೇವೆ ಎಂದಾಗ ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆ, ‘ಅದರಿಂದ ಕೆಲಸ ಸಿಗುತ್ತದೆಯೇ?’ ಎಂಬುದು. ಈ ಪ್ರಶ್ನೆಯನ್ನು ಹಗುರವಾಗಿ ಕಾಣಬೇಕಿಲ್ಲ. ಕೊಬ್ಬರಿ ಧಾರಣೆ ಏರಿದ ವರ್ಷ ನೆಮ್ಮದಿಯಾಗಿ ಕಾಲೇಜಿನ ಫೀಸು ಕಟ್ಟಿ, ಇಳಿದ ವರ್ಷ ಕೈಸಾಲಕ್ಕೆ ಅಲೆಯುವ ತಿಪಟೂರು ಸೀಮೆಯವರಾದ ನಮಗೆ, ಓದು ಎಂದರೆ ಲೆಕ್ಕ ಹಾಕಿ ಹೂಡುವ ಬಂಡವಾಳವೇ. ಹಾಗಾಗಿ ಬಿ.ಎ. ಎರಡನೆಯ ವರ್ಷದಲ್ಲಿದ್ದ ನನ್ನ ಮಗಳು, ‘ಮಾನವ ಹಕ್ಕು ಮತ್ತು ಲಿಂಗನ್ಯಾಯದ ಯುವ ನಾಯಕರಿಗಾಗಿ ಆನ್‌ಲೈನ್ ಫೆಲೋಶಿಪ್’ ಎಂಬ ಉದ್ದನೆಯ ಹೆಸರಿನ ತರಬೇತಿಗೆ ಅರ್ಜಿ ಹಾಕುತ್ತೇನೆ ಎಂದಾಗ, ಅವಳ ಅಪ್ಪ ಆ ಪ್ರಶ್ನೆಯನ್ನೇ ಕೇಳಿದರು.

ನಮ್ಮ ಅತ್ತೆಯವರ ಪ್ರಶ್ನೆ ಬೇರೆಯದೇ ಆಗಿತ್ತು. “ಲಿಂಗನ್ಯಾಯ ಅಂದ್ರೆ ಯಾವ ಮಠದ್ದು ಮಗಾ?” ಎಂದರು ಎಪ್ಪತ್ತನಾಲ್ಕರ ಅಜ್ಜಿ. ಮಗಳು ನಕ್ಕು, “ಮಠದ್ದಲ್ಲ ಅಜ್ಜಿ, ಹೆಣ್ಣು ಗಂಡು ಅಂತ ಭೇದ ಮಾಡಬಾರದು ಅನ್ನೋ ನ್ಯಾಯ” ಎಂದಳು. “ಅದನ್ನ ಕಲಿಯೋಕೆ ಫೋನ್ ಯಾಕೆ ಬೇಕು?” ಎಂದು ಅಜ್ಜಿ ಅವರೆಕಾಯಿ ಬಿಡಿಸತೊಡಗಿದರು. ಆ ಪ್ರಶ್ನೆ ಎಷ್ಟು ದೂರ ಹೋಗುವಂಥದು ಎಂಬುದು ಆಗ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ.

ಇಂಥ ಫೆಲೋಶಿಪ್ಪುಗಳು ಈಗ ಹಲವಾರಿವೆ. ಹದಿನೆಂಟರಿಂದ ಇಪ್ಪತ್ತೈದು ವರ್ಷದೊಳಗಿನವರನ್ನು ಅರ್ಜಿ, ಸಂದರ್ಶನಗಳ ಮೂಲಕ ಆರಿಸುತ್ತಾರೆ. ಕೆಲವು ತಿಂಗಳು ಪರದೆಯ ಮೇಲೆ ಪಾಠ, ಚರ್ಚೆ. ಜೊತೆಗೆ ತಮ್ಮ ಊರಿನಲ್ಲೇ ಮಾಡಬೇಕಾದ ಒಂದು ಸಣ್ಣ ಕೆಲಸ. ಕೊನೆಗೆ ಒಂದು ಪ್ರಮಾಣಪತ್ರ. ಮಗಳದ್ದು ಹನ್ನೆರಡು ವಾರದ್ದು. ಮಂಗಳವಾರ ಮತ್ತು ಶುಕ್ರವಾರ ಸಂಜೆ ಏಳರಿಂದ ಎಂಟೂವರೆಯವರೆಗೆ. ಕಾಣದ ಊರಿನ, ಕಾಣದ ಜನರ ನಡುವೆ ಮಗಳನ್ನು ಕೂರಿಸುವ ಮೊದಲು ನಾವು ಕೆಲವು ವಿಷಯಗಳನ್ನು ವಿಚಾರಿಸಿಕೊಂಡೆವು. ಸಂಸ್ಥೆ ನೋಂದಣಿಯಾಗಿದೆಯೇ, ಎಷ್ಟು ವರ್ಷದಿಂದ ನಡೆಯುತ್ತಿದೆ, ಹಿಂದಿನ ವರ್ಷ ಕಲಿತವರು ಏನೆನ್ನುತ್ತಾರೆ, ಹಣ ಕೇಳುತ್ತಾರೆಯೇ, ಆಧಾರ್ ಸಂಖ್ಯೆ, ಬ್ಯಾಂಕ್ ವಿವರಗಳನ್ನು ಏಕೆ ಕೇಳುತ್ತಾರೆ, ಮಕ್ಕಳ ಭಾವಚಿತ್ರಗಳನ್ನು ಎಲ್ಲಿ ಹಾಕುತ್ತಾರೆ, ತೊಂದರೆಯಾದರೆ ದೂರು ಯಾರಿಗೆ ಹೇಳಬೇಕು ಎಂದೆಲ್ಲ ಕೇಳಿದೆವು. ಹಕ್ಕುಗಳ ಬಗ್ಗೆ ಕಲಿಸುವವರು ಇಂಥ ಪ್ರಶ್ನೆಗಳಿಗೆ ಬೇಸರಿಸಿದರೆ ಅಲ್ಲಿಗೆ ಮಕ್ಕಳನ್ನು ಕಳಿಸದಿರುವುದೇ ಒಳ್ಳೆಯದು. ಅವರು ಬೇಸರಿಸಲಿಲ್ಲ, ಮಗಳು ಸೇರಿದಳು.

ಮೊದಲ ವಾರದ ಪಾಠದಲ್ಲಿ ಹಂಸಾ ಮೆಹ್ತಾ ಅವರ ಹೆಸರು ಬಂತಂತೆ. 1897ರಲ್ಲಿ ಸೂರತ್ತಿನಲ್ಲಿ ಹುಟ್ಟಿದ, ನಮ್ಮ ಸಂವಿಧಾನ ಸಭೆಯ ಸದಸ್ಯೆಯೂ ಆಗಿದ್ದ ಈ ಮಹಿಳೆ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಆಯೋಗದಲ್ಲಿ ಭಾರತದ ಪ್ರತಿನಿಧಿಯಾಗಿದ್ದರು. ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ ಕರಡಿನಲ್ಲಿ ಮೊದಲ ವಿಧಿ ‘ಆಲ್ ಮೆನ್’ ಎಂದು ಆರಂಭವಾಗುತ್ತಿತ್ತು. ಆ ಮಾತಿನಲ್ಲಿ ಹೆಂಗಸರೂ ಸೇರಿದ್ದಾರೆಂದು ಅನೇಕರು ವಾದಿಸಿದರೂ ಹಂಸಾ ಮೆಹ್ತಾ ಒಪ್ಪಲಿಲ್ಲ. ಗಂಡಸರಿಗೆ ಮಾತ್ರ ಎಂದು ಅದನ್ನು ಓದುವ ದೇಶಗಳು ಬೇಕಾದಷ್ಟಿವೆ ಎಂಬುದು ಅವರ ಆತಂಕ. ಕೊನೆಗೆ 1948ರ ಡಿಸೆಂಬರ್ 10ರಂದು ಅಂಗೀಕಾರವಾದ ಘೋಷಣೆಯಲ್ಲಿ ಆ ಪದಗಳ ಜಾಗದಲ್ಲಿ ‘ಆಲ್ ಹ್ಯೂಮನ್ ಬೀಯಿಂಗ್ಸ್’ ಎಂಬ ಮಾತು ಇತ್ತು. ಜಗತ್ತಿನ ಅಷ್ಟು ದೊಡ್ಡ ದಾಖಲೆಯ ಮೊದಲ ಸಾಲನ್ನು ಭಾರತದ ಒಬ್ಬ ಹೆಣ್ಣುಮಗಳು ತಿದ್ದಿಸಿದರು.

ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವ ನನಗೆ ಈ ಸಂಗತಿ ಕೇಳಿ ನಮ್ಮ ಭಾಷೆಯದೇ ಒಂದು ಗುಣ ನೆನಪಾಯಿತು. ಕನ್ನಡದಲ್ಲಿ ‘ಅವನು’, ‘ಅವಳು’ ಎಂಬ ಭೇದವಿದೆ, ನಿಜ. ಆದರೆ ಗೌರವ ಕೊಟ್ಟು ‘ಅವರು’ ಎಂದ ಕೂಡಲೇ ಆ ಭೇದ ಅಳಿಸಿಹೋಗುತ್ತದೆ. ‘ಅವರು ಬಂದರು’ ಎಂದರೆ ಬಂದವರು ಹೆಣ್ಣೋ ಗಂಡೋ ಎಂದು ಹೇಳಲಾಗದು. ಯಾರೋ ಗೌರವಸ್ಥರು ಬಂದರೆಂದು ಮಾತ್ರ ಗೊತ್ತಾಗುತ್ತದೆ. ವ್ಯಾಕರಣಕ್ಕೆ ತಿಳಿದಿರುವಷ್ಟು ನಮ್ಮ ನಡವಳಿಕೆಗೂ ತಿಳಿದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಮಗಳಿಗೆ ಹೇಳಿದೆ. ಅವಳು ಅದನ್ನು ಶುಕ್ರವಾರದ ತರಗತಿಯಲ್ಲಿ ಹೇಳಿ ಬಂದಳು.

ಆದರೆ ಮಾತಿಗಿಂತ ಕಷ್ಟದ್ದು ಹೊತ್ತು. ಸಂಜೆ ಏಳು ಎಂದರೆ ನಮ್ಮ ಕಡೆಯ ಮನೆಗಳಲ್ಲಿ ಒಲೆಯ ಮುಂದೆ ಹೆಣ್ಣುಮಕ್ಕಳು ನಿಲ್ಲುವ ವೇಳೆ. ನಾನು ಶಾಲೆಯಿಂದ ಬರುವಾಗಲೇ ಆರಾಗುತ್ತದೆ. ಸಾರಿಗೆ ನಾನು ಒಗ್ಗರಣೆ ಹಾಕಿದರೆ ಮುದ್ದೆ ತಿರುವುವುದು ಮಗಳ ಪಾಲು. ಮೊದಲ ಮಂಗಳವಾರ ಅವಳು ಕಿವಿಗೆ ವೈರು ಸಿಕ್ಕಿಸಿಕೊಂಡು, ಫೋನನ್ನು ಉಪ್ಪಿನ ಡಬ್ಬಿಗೆ ಒರಗಿಸಿ, ಎಸರಿಗೆ ಹಿಟ್ಟು ಹಾಕುತ್ತ ಪಾಠ ಕೇಳಿದಳು. ಸಮಾನತೆಯ ಉಪನ್ಯಾಸ ಮುಗಿಯುವುದಕ್ಕೂ ಮುದ್ದೆ ಕಟ್ಟುವುದಕ್ಕೂ ಸರಿಹೋಯಿತು. ಅದೇ ಹೊತ್ತಿನಲ್ಲಿ ಪಿ.ಯು.ಸಿ. ಓದುತ್ತಿದ್ದ ನನ್ನ ಮಗ ನಡುಮನೆಯಲ್ಲಿ ಕ್ರಿಕೆಟ್ ನೋಡುತ್ತಿದ್ದ.

ಎರಡನೆಯ ವಾರ ಅವರಿಗೆ ಕೊಟ್ಟ ಮನೆಗೆಲಸವೇ ಮನೆಗೆಲಸದ ಬಗ್ಗೆ! ಒಂದು ವಾರ, ಮನೆಯ ಪ್ರತಿಯೊಬ್ಬರೂ ಸಂಬಳವಿಲ್ಲದ ಕೆಲಸಕ್ಕೆ ದಿನಕ್ಕೆ ಎಷ್ಟು ಹೊತ್ತು ಕೊಡುತ್ತಾರೆಂದು ಬರೆದಿಡಬೇಕು. ಮಗಳು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಗೆರೆ ಎಳೆದು ಅಡಿಗೆಮನೆಯ ಬಾಗಿಲಿಗೆ ತೂಗುಹಾಕಿದಳು. ಮೊದಲ ದಿನ ಅದರಲ್ಲಿ ನಾಲ್ಕು ಹೆಸರುಗಳಿದ್ದವು. ಮರುದಿನ ಐದನೆಯದೊಂದು ಗೆರೆ ಬಂತು, ಅಜ್ಜಿಯದು. “ನಾನು ಮಾಡೋದೂ ಕೆಲಸವಾ?” ಎಂದು ಅವರು ಬೆರಗಾದರು. ಕಾಳು ಆರಿಸುವುದು, ಹಸುವಿಗೆ ಕಲಗಚ್ಚು ಇಡುವುದು, ಒಣಹಾಕಿದ ಬಟ್ಟೆ ಮಡಿಸುವುದು ಎಲ್ಲ ಸೇರಿ ಅವರದು ದಿನಕ್ಕೆ ಮೂರು ಗಂಟೆಯ ಮೇಲಾಯಿತು. ನನ್ನದು ಐದು ಗಂಟೆ, ಮಗಳದು ಎರಡೂವರೆ, ಯಜಮಾನರದು ಮುಕ್ಕಾಲು ಗಂಟೆ, ಮಗನದು ಇಪ್ಪತ್ತು ನಿಮಿಷ. ಅದರಲ್ಲಿ ಹತ್ತು ನಿಮಿಷ ಹಾಲಿನ ಡೇರಿಗೆ ಸೈಕಲ್ಲಿನಲ್ಲಿ ಹೋಗಿಬಂದದ್ದು.

ನಮ್ಮ ಮನೆಯ ಲೆಕ್ಕ ವಿಚಿತ್ರವಾದುದೇನಲ್ಲ. ಕೇಂದ್ರ ಸರ್ಕಾರ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಯವರಿಗಾಗಿ ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ದುಡಿಯುತ್ತಿದ್ದರು. 2024ರಲ್ಲಿ ಮತ್ತೆ ಲೆಕ್ಕ ತೆಗೆದಾಗ ಹೆಂಗಸರದು 289 ನಿಮಿಷಕ್ಕೆ ಇಳಿದಿತ್ತು. ಆ ಹತ್ತು ನಿಮಿಷದ ಹೊರೆಯನ್ನು ಗಂಡಸರು ಹೊತ್ತರೇನೋ ಎಂದು ನೋಡಿದರೆ, ಅವರದೂ 88ಕ್ಕೆ ಇಳಿದಿತ್ತು!

ಯಜಮಾನರು ಗೊಬ್ಬರದ ಅಂಗಡಿ ಇಟ್ಟವರು. ಭಾಷಣಕ್ಕೆ ಬಗ್ಗದವರಾದರೂ ಲೆಕ್ಕಕ್ಕೆ ಬಗ್ಗುತ್ತಾರೆ. ಕ್ಯಾಲೆಂಡರನ್ನು ಅಂಗಡಿಯ ಖಾತೆಪುಸ್ತಕದಂತೆ ಮೇಲಿಂದ ಕೆಳಕ್ಕೆ ನೋಡಿ, ಮಗನನ್ನು ಕರೆದು, “ಮಂಗಳವಾರ, ಶುಕ್ರವಾರ ಮುದ್ದೆ ನಿನ್ನದು. ಪಾತ್ರೆ ನಂದು” ಎಂದರು. ಅಜ್ಜಿ ಮೊಮ್ಮಗನ ಪಕ್ಕ ನಿಂತು ಮುದ್ದೆ ಕೋಲು ಹಿಡಿಯುವುದನ್ನು ಹೇಳಿಕೊಟ್ಟರು. ಮೊದಲ ದಿನ ಮುದ್ದೆ ಗಂಟುಗಂಟಾಗಿತ್ತು. ಯಾರೂ ಉಸಿರೆತ್ತದೆ ನುಂಗಿದೆವು. ಐದನೆಯ ವಾರದ ಹೊತ್ತಿಗೆ ಅವನು ಕಟ್ಟಿದ ಮುದ್ದೆಯನ್ನು ನೆಂಟರ ಎಲೆಗೂ ಬಡಿಸಬಹುದಾಗಿತ್ತು. ಮಗಳು ಬಾಗಿಲು ಹಾಕಿಕೊಂಡು ನೆಮ್ಮದಿಯಾಗಿ ಪಾಠ ಕೇಳಿದಳು.

ಎಲ್ಲರ ಮನೆಯಲ್ಲೂ ಹೀಗಾಗುವುದಿಲ್ಲ. ಅವಳ ಗುಂಪಿನಲ್ಲಿ ಬೇರೊಂದು ಜಿಲ್ಲೆಯ ಹುಡುಗಿಯೊಬ್ಬಳಿದ್ದಳು. ಎಲ್ಲರಿಗಿಂತ ಚುರುಕು, ಪ್ರಶ್ನೆ ಕೇಳುವುದರಲ್ಲಿ ಮುಂದು. ಮೂರನೆಯ ವಾರದಿಂದ ಅವಳು ಕಾಣಲಿಲ್ಲ. ವಿಚಾರಿಸಿದಾಗ ತಿಳಿದದ್ದು ಇಷ್ಟೇ: ಫೋನು ಅವಳ ಅಣ್ಣನದು. ಅವನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು, ಫೋನೂ ಅವನೊಂದಿಗೆ ಹೋಯಿತು. ಇಲ್ಲಿ ದುಷ್ಟರು ಯಾರೂ ಇಲ್ಲ. ಅಣ್ಣ ದುಡಿಯಲು ಹೋಗಬೇಕು, ಅವನಿಗೆ ಫೋನು ಬೇಕು. ಆದರೂ ಒಬ್ಬ ಹುಡುಗಿಯ ಓದು ನಿಂತುಹೋಯಿತಲ್ಲ! 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ತಾವೇ ಬಳಸುವ ಮೊಬೈಲ್ ಫೋನ್ ಇದೆ ಎಂದ ಮಹಿಳೆಯರು ದೇಶದಲ್ಲಿ ನೂರಕ್ಕೆ ಸುಮಾರು 54 ಮಂದಿ. ಉಳಿದವರ ಪಾಲಿಗೆ ಆನ್‌ಲೈನ್ ಎಂಬುದು ಅಪ್ಪ, ಅಣ್ಣ, ಗಂಡನ ಜೇಬಿನಲ್ಲಿರುವ ವಸ್ತು. ‘ಎಲ್ಲರಿಗೂ ಮುಕ್ತ’ ಎಂದು ಪ್ರಕಟಣೆಯಲ್ಲಿ ಬರೆದ ಮಾತ್ರಕ್ಕೆ ಬಾಗಿಲು ಎಲ್ಲರಿಗೂ ತೆರೆಯುವುದಿಲ್ಲ.

ಮಗಳು ಆ ಹುಡುಗಿಯ ನೆರೆಮನೆಯವರ ಗುಂಡಿಯೊತ್ತುವ ಹಳೆಯ ಫೋನಿನ ಸಂಖ್ಯೆ ಸಂಪಾದಿಸಿದಳು. ಪ್ರತಿ ಭಾನುವಾರ ಮಧ್ಯಾಹ್ನ ಒಂದು ಗಂಟೆ ಅವಳಿಗೆ ವಾರದ ಪಾಠವನ್ನೆಲ್ಲ ಹೇಳುತ್ತಿದ್ದಳು. ಪಾಠ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು, ಹೇಳಬೇಕಾದದ್ದು ಕನ್ನಡದಲ್ಲಿ. ಹೀಗಾಗಿ ಶನಿವಾರ ರಾತ್ರಿ ನಾವಿಬ್ಬರೂ ಪದಗಳನ್ನು ಹುಡುಕುತ್ತ ಕೂರುತ್ತಿದ್ದೆವು. ‘ಕನ್ಸೆಂಟ್’ ಎಂಬುದಕ್ಕೆ ‘ಸಮ್ಮತಿ’ ಎಂಬ ಪದ ಸುಲಭವಾಗಿ ಸಿಕ್ಕಿತು. ಆದರೆ ಮೌನವನ್ನೇ ಸಮ್ಮತಿಯ ಲಕ್ಷಣವೆನ್ನುವ ನಾಡಿನಲ್ಲಿ ಅದನ್ನು ವಿವರಿಸಲು ಅರ್ಧ ಗಂಟೆ ಬೇಕಾಯಿತು. ಇನ್ನೊಬ್ಬರಿಗೆ ತಿಳಿಸಬೇಕೆಂಬ ಹೊಣೆ ಬಿದ್ದಾಗಲೇ ಮಗಳಿಗೆ ಪಾಠ ನಿಜವಾಗಿ ತಲೆಗೆ ಹತ್ತಿದ್ದು. ಆ ಹುಡುಗಿ ತನ್ನ ಬರವಣಿಗೆಯನ್ನು ಪಂಚಾಯಿತಿ ಗ್ರಂಥಾಲಯದ, ಅಂದರೆ ಈಗ ‘ಅರಿವು ಕೇಂದ್ರ’ ಎನ್ನುವ ಕಡೆಯ ಕಂಪ್ಯೂಟರಿನಿಂದ ಕಳಿಸತೊಡಗಿದಳು. ಸಂಘಟಕರು ಅದನ್ನು ಒಪ್ಪಿದರು. ಅವಳ ಹೆಸರು ಪಟ್ಟಿಯಲ್ಲಿ ಉಳಿಯಿತು.

ಹೊತ್ತು, ಫೋನು ಆದಮೇಲೆ ಮೂರನೆಯದು ಪಾಲು. ಏಳನೆಯ ವಾರ ಆಸ್ತಿಹಕ್ಕಿನ ಪಾಠ. ಹಿಂದೂ ಕುಟುಂಬಗಳ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ತಂದಿತ್ತು. ಆದರೆ ಅದಕ್ಕೆ ಮೊದಲು ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿ ಮದುವೆಯಾದ ಹೆಣ್ಣುಮಕ್ಕಳನ್ನೂ ಸೇರಿಸಿಕೊಂಡಿತು. ತಿದ್ದುಪಡಿ ಜಾರಿಯಾದ ದಿನ ತಂದೆ ಬದುಕಿರಬೇಕೆಂದೇನೂ ಇಲ್ಲ ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟಿನಲ್ಲಿ ಸ್ಪಷ್ಟಪಡಿಸಿತು. ಹಿಂದೆಯೇ ಕ್ರಮಬದ್ಧವಾಗಿ ನೋಂದಣಿಯಾಗಿಹೋದ ಪಾಲುಪಟ್ಟಿಗಳನ್ನು ಈ ಕಾನೂನು ಕೆದಕುವುದಿಲ್ಲ. ಇದನ್ನೆಲ್ಲ ಮಗಳು ಊಟದ ಹೊತ್ತಿನಲ್ಲಿ ಹೇಳಿದಳು. ನಮ್ಮ ತೋಟ ಪಿತ್ರಾರ್ಜಿತದ್ದು, ಇನ್ನೂ ಪಾಲಾಗಿಲ್ಲ. ಯಜಮಾನರಿಗೆ ಇಬ್ಬರು ಅಕ್ಕಂದಿರು. ಅಜ್ಜಿ ತಲೆಯೆತ್ತಿ ಮಗನ ಮುಖ ನೋಡಿದರು. ಯಾರೂ ಮಾತಾಡಲಿಲ್ಲ. ಎರಡು ದಿನ ಬಿಟ್ಟು ಅವರು ದೊಡ್ಡಕ್ಕನಿಗೆ ಫೋನು ಮಾಡಿ ತೋಟದ ಹಿತ್ತಲಿನಲ್ಲಿ ನಿಂತು ಬಹಳ ಹೊತ್ತು ಮಾತಾಡಿದರು. ಆ ಮಾತುಕತೆ ಇನ್ನೂ ನಡೆದಿದೆ. ಹಕ್ಕು ಎಂಬುದು ಭಾಷಣದಲ್ಲಿರುವಾಗ ಎಲ್ಲರೂ ಚಪ್ಪಾಳೆ ತಟ್ಟುತ್ತೇವೆ. ಅದು ಮನೆಯ ಹೊಸ್ತಿಲು ದಾಟಿ ಒಳಗೆ ಬಂದಾಗ ಮೌನವಾಗುತ್ತೇವೆ. ಆ ಮೌನವನ್ನು ಒಂದಿಷ್ಟು ಹೊತ್ತು ತಾಳಿಕೊಳ್ಳುವುದೂ ಕಲಿಕೆಯ ಭಾಗವೇ ಇರಬೇಕು.

ತಾಯಿಯಾಗಿ ನನ್ನ ದೊಡ್ಡ ಭಯ ಬೇರೆಯದಿತ್ತು. ಹಕ್ಕಿನ ಹೆಸರಿನಲ್ಲಿ ಹುಡುಗಿ ಯಾರದೋ ಮನೆಯ ಬಾಗಿಲಿಗೆ ಹೋಗಿ ನಿಂತು ಅಪಾಯ ತಂದುಕೊಂಡರೆ? ಈ ಭಯ ಕಾರಣವಿಲ್ಲದ್ದಲ್ಲ. ರಾಜಸ್ಥಾನದ ಭಟೇರಿ ಗ್ರಾಮದ ಭಂವರಿ ದೇವಿ, ಸರ್ಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದ ಕಾರ್ಯಕರ್ತೆಯಾಗಿ, ಒಂದು ಹಸುಗೂಸಿನ ಮದುವೆಯನ್ನು ತಡೆಯಲು ಮುಂದಾದರು. ಅದಕ್ಕೆ ಪ್ರತಿಯಾಗಿ 1992ರಲ್ಲಿ ಅವರ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. 1995ರಲ್ಲಿ ವಿಚಾರಣಾ ನ್ಯಾಯಾಲಯ ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಬಿಡುಗಡೆ ಮಾಡಿತು. ಆದರೆ ಆ ಪ್ರಕರಣದಿಂದ ನೊಂದು ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿನ ಮೊರೆಹೋದವು. ಕೆಲಸದ ಸ್ಥಳದ ಲೈಂಗಿಕ ಕಿರುಕುಳದ ವಿರುದ್ಧ ದೇಶದಲ್ಲಿ ಆಗ ಪ್ರತ್ಯೇಕ ಕಾನೂನೇ ಇರಲಿಲ್ಲ. ಮಹಿಳೆಯರ ವಿರುದ್ಧದ ತಾರತಮ್ಯವನ್ನು ತೊಡೆಯುವ, 1979ರ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತ 1993ರಲ್ಲಿ ಸ್ಥಿರೀಕರಿಸಿತ್ತು. ನ್ಯಾಯಾಲಯ ಅದನ್ನೇ ಆಧಾರವಾಗಿಟ್ಟುಕೊಂಡು 1997ರ ಆಗಸ್ಟ್ 13ರಂದು ‘ವಿಶಾಖಾ’ ತೀರ್ಪಿನಲ್ಲಿ ಮಾರ್ಗಸೂಚಿಗಳನ್ನು ಕೊಟ್ಟಿತು. ಹದಿನಾರು ವರ್ಷಗಳ ನಂತರ, 2013ರಲ್ಲಿ, ಕಾಯ್ದೆ ಬಂತು. ಇವತ್ತು ಕಚೇರಿ, ಕಾರ್ಖಾನೆ, ಕಾಲೇಜುಗಳಲ್ಲಿ ಕೆಲಸ ಮಾಡುವ ನಮ್ಮ ಹೆಣ್ಣುಮಕ್ಕಳಿಗಿರುವ ರಕ್ಷಣೆಯ ಹಿಂದೆ, ತನಗೆ ನ್ಯಾಯ ಸಿಗದ ಒಬ್ಬ ಹಳ್ಳಿಯ ಹೆಂಗಸಿನ ಹಟವಿದೆ.

ಈ ಕಥೆಯಿಂದ ಮಕ್ಕಳು ಸಾಹಸವನ್ನಷ್ಟೇ ಕಲಿತರೆ ಸಾಲದು. ವ್ಯವಸ್ಥೆಯನ್ನು ಎಬ್ಬಿಸುವ ದಾರಿಯನ್ನೂ ಕಲಿಯಬೇಕು. ಫೆಲೋಶಿಪ್ಪಿನಲ್ಲಿ ಈ ಮಾತನ್ನು ಒತ್ತಿ ಹೇಳಿದರೆಂಬುದು ನನಗೆ ಸಮಾಧಾನ ತಂದಿತು. ಬಾಲ್ಯವಿವಾಹದ ಸುಳಿವು ಸಿಕ್ಕರೆ ಒಬ್ಬರೇ ಹೋಗಿ ಜಗಳಕ್ಕೆ ನಿಲ್ಲಬಾರದು. 1098ಕ್ಕೆ ಕರೆ ಮಾಡಬೇಕು. ಹೆಣ್ಣುಮಕ್ಕಳ ಮೇಲೆ ದೌರ್ಜನ್ಯವಾದರೆ 181, ತುರ್ತಿದ್ದರೆ 112. ಕಾನೂನು ನೆರವಿಗೆ 15100. ಮಹಿಳೆಯರು ಮತ್ತು ಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಇನ್ನೊಂದು ಮುಖ್ಯ ಸಂಗತಿ ಗುಟ್ಟು ಕಾಯುವುದು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿನ ಹೆಸರು, ಊರು, ಶಾಲೆ, ಭಾವಚಿತ್ರ ಯಾವುದನ್ನೂ ಹೊರಗೆಡಹಬಾರದೆಂದು ಪೋಕ್ಸೊ ಕಾಯ್ದೆ ಹೇಳುತ್ತದೆ. ನ್ಯಾಯ ಕೊಡಿಸುವ ಆವೇಶದಲ್ಲಿ ಮೊಬೈಲಿನಲ್ಲಿ ಚಿತ್ರ ಹಂಚುವವರು ನೊಂದವರಿಗೆ ಎರಡನೆಯ ಸಲ ಗಾಯ ಮಾಡುತ್ತಾರೆ.

ಕೊನೆಯ ನಾಲ್ಕು ವಾರ ಊರಿನಲ್ಲಿ ಮಾಡಬೇಕಾದ ಕೆಲಸಕ್ಕೆ ಮೀಸಲು. ಮೆರವಣಿಗೆ ಮಾಡೋಣವೆಂದು ಅವಳ ಕೆಲವು ಗೆಳತಿಯರು ಹೇಳಿದರು. ಮಗಳು ತನ್ನ ಕಾಲೇಜಿನ ಆಂತರಿಕ ದೂರು ಸಮಿತಿಯಲ್ಲಿ ಯಾರಿದ್ದಾರೆಂದು ಹುಡುಕತೊಡಗಿದಳು. 2015ರ ಯು.ಜಿ.ಸಿ. ನಿಯಮಗಳ ಪ್ರಕಾರ ಪ್ರತಿ ಕಾಲೇಜಿನಲ್ಲೂ ಅಂಥ ಸಮಿತಿ ಇರಬೇಕು. ವಿದ್ಯಾರ್ಥಿಗಳಿಗೆ ಸಂಬಂಧಿಸಿದ ದೂರಾದರೆ ಅದರಲ್ಲಿ ವಿದ್ಯಾರ್ಥಿ ಪ್ರತಿನಿಧಿಗಳೂ ಇರಬೇಕು. ಕಾಲೇಜಿನಲ್ಲಿ ಸಮಿತಿಯೇನೋ ಇತ್ತು, ಕಡತದಲ್ಲಿ. ಅದರ ಸದಸ್ಯೆಯೊಬ್ಬರು ವರ್ಗವಾಗಿ ಎರಡು ವರ್ಷವಾಗಿತ್ತು. ಮಗಳು ಮತ್ತು ಮೂವರು ಗೆಳತಿಯರು, ಜೊತೆಗೆ ಇಬ್ಬರು ಹುಡುಗರು, ಪ್ರಾಂಶುಪಾಲರಿಗೆ ಒಂದು ಪುಟದ ವಿನಂತಿಪತ್ರ ಕೊಟ್ಟರು. ಮೂರು ಸಲ ಅಲೆದ ಮೇಲೆ ಸಮಿತಿ ಹೊಸದಾಗಿ ರಚನೆಯಾಯಿತು. ಹುಡುಗಿಯರ ವಿಶ್ರಾಂತಿ ಕೊಠಡಿಯ ಪಕ್ಕದ ಗೋಡೆಗೆ ಸದಸ್ಯರ ಹೆಸರು, ಫೋನ್ ಸಂಖ್ಯೆ ಇರುವ ಫಲಕ ಬಂತು. ಖರ್ಚು ನಾನೂರು ರೂಪಾಯಿಯೊಳಗೆ. ಮೆರವಣಿಗೆ ಮಾಡಿದ್ದರೆ ಒಂದು ದಿನಕ್ಕೆ ಮುಗಿಯುತ್ತಿತ್ತು. ಫಲಕ ಮುಂದಿನ ವರ್ಷ ಸೇರುವ ಹುಡುಗಿಯರಿಗೂ ಇರುತ್ತದೆ.

ಕೆಲಸದ ಪ್ರಶ್ನೆಗೆ ಉತ್ತರ ಹೇಳದೆ ಮುಗಿಸಿದರೆ ತಂದೆತಾಯಂದಿರಿಗೆ ಅನ್ಯಾಯವಾಗುತ್ತದೆ. ಈ ಪ್ರಮಾಣಪತ್ರ ಹಿಡಿದು ಹೋದರೆ ಯಾರೂ ತಕ್ಷಣ ನೌಕರಿ ಕೊಡುವುದಿಲ್ಲ. ಕೊಡುತ್ತೇವೆಂದು ಹೇಳುವವರನ್ನು ನಂಬಬೇಡಿ. ಕಾನೂನು, ಸಮಾಜಕಾರ್ಯ, ಪತ್ರಿಕೋದ್ಯಮ, ಸಾರ್ವಜನಿಕ ಆಡಳಿತ ಓದಬೇಕೆನ್ನುವವರಿಗೆ ಇದು ತಮ್ಮ ಒಲವನ್ನು ಪರೀಕ್ಷಿಸಿಕೊಳ್ಳಲು ಒಂದು ದಾರಿ. 1993ರ ಕಾಯ್ದೆಯಡಿ ಸ್ಥಾಪನೆಯಾದ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವೂ ಕಾಲೇಜು ವಿದ್ಯಾರ್ಥಿಗಳಿಗೆ ಎರಡು ವಾರಗಳ ಆನ್‌ಲೈನ್ ಇಂಟರ್ನ್‌ಶಿಪ್ ನಡೆಸುತ್ತ ಬಂದಿದೆ. ಅದರ ಪ್ರಕಟಣೆಗಳನ್ನು ಗಮನಿಸುತ್ತಿರಬಹುದು. ಪರೀಕ್ಷೆಯ ವರ್ಷದಲ್ಲಿ, ಬೇರೆ ಓದಿನ ಒತ್ತಡವಿರುವಾಗ ಇಂಥದಕ್ಕೆ ಸೇರಬೇಕೆಂದೇನೂ ಇಲ್ಲ. ಗಂಡುಮಕ್ಕಳೂ ಸೇರಬೇಕು ಎಂಬುದನ್ನು ಮಾತ್ರ ಒತ್ತಿ ಹೇಳುತ್ತೇನೆ. ಮಗಳ ಗುಂಪಿನ ಮೂವತ್ತು ಜನರಲ್ಲಿ ಹುಡುಗರು ನಾಲ್ವರು.

‘ನಾಯಕಿ’ ಎಂದರೆ ನಮ್ಮ ಮಕ್ಕಳಿಗೆ ಮೊದಲು ನೆನಪಾಗುವುದು ಸಿನಿಮಾ. ‘ನಾಯಕ’ ಎಂದರೆ ಮೈಕು, ಹಾರ, ತುರಾಯಿ. ಹನ್ನೆರಡು ವಾರದಲ್ಲಿ ನಾನು ಕಂಡ ನಾಯಕತ್ವಕ್ಕೆ ಇವು ಯಾವುವೂ ಇರಲಿಲ್ಲ. ಒಬ್ಬಳು ತನ್ನ ಭಾನುವಾರದ ಒಂದು ಗಂಟೆಯನ್ನು ಕಾಣದ ಗೆಳತಿಗೆ ಕೊಟ್ಟಳು. ಒಬ್ಬ ಹುಡುಗ ಮುದ್ದೆ ತಿರುವಲು ಕಲಿತ. ಒಬ್ಬರು ಅಕ್ಕನೊಂದಿಗೆ ಕಷ್ಟದ ಮಾತು ಶುರುಮಾಡಿದರು. ಆದ್ದರಿಂದ ನಿಮ್ಮ ಮನೆಯ ಮಗಳೋ ಮಗನೋ ಇಂಥ ಅರ್ಜಿಯೊಂದನ್ನು ಮುಂದಿಟ್ಟಾಗ, ಶುಲ್ಕ ಎಷ್ಟು, ಉಪಯೋಗವೇನು ಎಂದು ಅಗತ್ಯವಾಗಿ ಕೇಳಿ. ಜೊತೆಗೆ, ತರಗತಿ ಎಷ್ಟು ಗಂಟೆಗೆ ಎಂಬುದನ್ನೂ ಕೇಳಿ, ಆ ಹೊತ್ತಿನಲ್ಲಿ ಮನೆಯಲ್ಲಿ ಯಾರ ಕೈಯಲ್ಲಿ ಯಾವ ಕೆಲಸವಿದೆಯೆಂದು ಒಮ್ಮೆ ನೋಡಿ.